ರಜೆಯ ದಿನ ಯಾರದು?

ವಾರದಲ್ಲಿ ಆರು ದಿನ ದುಡಿದವನಿಗೆ ಏಳನೆಯ ದಿನ ಅವನದೇ ಎಂದು ನಾವೆಲ್ಲರೂ ನಂಬಿಕೊಂಡಿದ್ದೇವೆ. ಕಾಯಿದೆಯೂ ಹಾಗೆಯೇ ಹೇಳುತ್ತದೆ. ಆದರೆ ಈ ಮುಂಬಯಿಯಲ್ಲಿ ದುಡಿಯುತ್ತಿರುವ ನಮ್ಮ ಕನ್ನಡಿಗ ಬಂಧುಗಳಲ್ಲಿ ಎಷ್ಟು ಮಂದಿ ಆ ಏಳನೆಯ ದಿನವನ್ನು ನಿಜವಾಗಿ ಕಂಡಿದ್ದಾರೆ? ರಜೆಯ ಮರುದಿನ ಬೆಳಿಗ್ಗೆ ಯಾವುದಾದರೊಂದು ಹೊಟೇಲಿನ ಹಿಂಬಾಗಿಲಲ್ಲಿ ನಿಂತು, "ನಿನ್ನೆ ವಿಶ್ರಾಂತಿ ಆಯಿತೇ?" ಎಂದು ಕೇಳಿ ನೋಡಿರಿ. "ಎಲ್ಲಿಯ ವಿಶ್ರಾಂತಿ ಮಾರಾಯರೇ! ನಿನ್ನೆಗಿಂತ ಇವತ್ತಿನ ಕೆಲಸವೇ ಹಗುರ" ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಈ ಮಾತಿನಲ್ಲಿ ನಗೆಯಿದೆ. ನಗೆಯ ಕೆಳಗೆ ನೋವಿದೆ. ಸಂಬಳ, ಬೋನಸು, ಊಟ, ವಸತಿ ಇವುಗಳ ಬಗೆಗೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ಆದರೆ ಕಾರ್ಮಿಕನ ಕೈಯಿಂದ ವಾರವಾರವೂ ಸದ್ದಿಲ್ಲದೆ ಜಾರಿಹೋಗುತ್ತಿರುವ ಈ ಒಂದು ದಿನದ ಬಗೆಗೆ ಯಾರೂ ಮಾತೆತ್ತುವುದಿಲ್ಲ. ಆದುದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರಿದೆ.

ಒಂದು ಸೋಮವಾರದ ಲೆಕ್ಕ

ಒಬ್ಬ ಹೊಟೇಲ್ ನೌಕರನ ಸೋಮವಾರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೆಸರು ಬೇಡ, ಅವನು ನಮ್ಮಲ್ಲಿ ಯಾರೂ ಆಗಬಹುದು. ದಾದರಿನ ಹೊಟೇಲೊಂದರಲ್ಲಿ ಸಪ್ಲಾಯರ್. ಸಂಸಾರ ಡೊಂಬಿವಲಿಯ ಒಂದು ಖೋಲಿಯಲ್ಲಿ. ಶನಿವಾರ, ಆದಿತ್ಯವಾರ ಗಿರಾಕಿಗಳ ನೂಕುನುಗ್ಗಲು. ಆದುದರಿಂದ ಅವನ ರಜೆ ಸೋಮವಾರ. ಆ ಒಂದು ದಿನಕ್ಕಾಗಿ ಮನೆಯಲ್ಲಿ ಕಾದುಕುಳಿತ ಕೆಲಸಗಳು ಐದು. ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬ್ಯಾಂಕಿನಲ್ಲಿ ಗುರುತಿನ ಕಾಗದಗಳನ್ನು ಮತ್ತೊಮ್ಮೆ ಕೊಡಬೇಕು. ಕೊಡದಿದ್ದರೆ ಖಾತೆ ನಿಲ್ಲುತ್ತದೆಂದು ಸಂದೇಶ ಬಂದಿದೆ. ಮಗಳ ಶಾಲೆಗೆ ಆದಾಯದ ದಾಖಲೆ ಬೇಕು. ಭವಿಷ್ಯನಿಧಿಯ ಖಾತೆಯಲ್ಲಿ ಹೆಸರು ತಪ್ಪಾಗಿದೆ, ಅದನ್ನು ಸರಿಪಡಿಸಬೇಕು. ಇಷ್ಟು ಮುಗಿಸಿ, ಹಬ್ಬಕ್ಕೆ ಊರಿಗೆ ಹೋಗಲು ಟಿಕೇಟು ತೆಗೆಸಬೇಕು.

ಬೆಳಿಗ್ಗೆ ಆರಕ್ಕೆ ನೀರು ಬರುತ್ತದೆ, ಅದಕ್ಕೆ ಏಳಲೇಬೇಕು. ಎಂಟು ಗಂಟೆಗೆ ಆಸ್ಪತ್ರೆಯಲ್ಲಿ ಕೇಸ್ ಪೇಪರಿನ ಸಾಲು. ಕೇಸ್ ಪೇಪರ್ ಕೈಗೆ ಬಂದ ಮೇಲೆ ಡಾಕ್ಟರರ ಕೋಣೆಯ ಮುಂದೆ ಇನ್ನೊಂದು ಸಾಲು, ರಕ್ತ ಕೊಡುವುದಕ್ಕೆ ಮತ್ತೊಂದು, ಔಷಧಿಯ ಕಿಟಕಿಯಲ್ಲಿ ಮಗದೊಂದು. ಹೊರಗೆ ಬರುವಾಗ ಹನ್ನೊಂದೂವರೆ. ಹೆಂಡತಿಯನ್ನು ಮನೆಗೆ ಕಳುಹಿಸಿ ಬ್ಯಾಂಕಿಗೆ ಓಡಿದರೆ, ಅಲ್ಲಿ ಝೆರಾಕ್ಸ್ ಒಂದು ಕಡಿಮೆ. ಝೆರಾಕ್ಸ್ ಅಂಗಡಿಯಲ್ಲಿ ಕರೆಂಟು ಇಲ್ಲ. ಎರಡನೆಯ ಅಂಗಡಿ ಹುಡುಕಿ ಬರುವಷ್ಟರಲ್ಲಿ ಕಿಟಕಿಯವರು ಊಟಕ್ಕೆ ಎದ್ದಿದ್ದಾರೆ. ಅದು ಮುಗಿಸಿ, ಎರಡು ಗಂಟೆಗೆ ಗಾಡಿ ಹಿಡಿದು ಭವಿಷ್ಯನಿಧಿಯ ಕಚೇರಿಗೆ ಹೋದರೆ, "ಸರ್ವರ್ ಡೌನ್, ಕುಳಿತುಕೊಳ್ಳಿ" ಎಂಬ ಉತ್ತರ. ಒಂದು ಗಂಟೆ ಕುಳಿತ ಮೇಲೆ, "ಇದು ಹಳೆಯ ಖಾತೆ, ಮಾಲಿಕರ ಒಪ್ಪಿಗೆ ಬೇಕು, ಅದನ್ನು ಮಾಡಿಸಿಕೊಂಡು ಬನ್ನಿ" ಎನ್ನುತ್ತಾರೆ. ಮಾಲಿಕರು ದಾದರಿನಲ್ಲಿ, ಮುಂದಿನ ರಜೆ ಮುಂದಿನ ಸೋಮವಾರ. ಆದಾಯದ ದಾಖಲೆಯ ಅರ್ಜಿ ತೆಗೆದುಕೊಳ್ಳುವ ಹೊತ್ತು ಆಗಲೇ ಮೀರಿತ್ತು. ಹಿಂದಿರುಗುವಾಗ ಸಂಜೆಯ ಗರ್ದಿ. ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತಿ, ಒಂದು ಕಾಲಿನ ಮೇಲೆ ನಿಂತು ಮನೆ ಸೇರುವಾಗ ಎಂಟು ಗಂಟೆ. ಮಗಳು ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಾಳೆ. ಟಿಕೇಟಿನ ನೆನಪು ಆಗ ಬರುತ್ತದೆ.

ಈಗ ಲೆಕ್ಕ ಹಾಕೋಣ. ಐದು ಕೆಲಸಗಳಲ್ಲಿ ಆದದ್ದು ಎರಡು. ಮನೆಯಿಂದ ಹೊರಗೆ ಕಳೆದದ್ದು ಹನ್ನೆರಡು ಗಂಟೆ. ಆ ಹನ್ನೆರಡು ಗಂಟೆಗಳಲ್ಲಿ ಡಾಕ್ಟರರೊಡನೆ, ಬ್ಯಾಂಕಿನ ಗುಮಾಸ್ತರೊಡನೆ, ಕಚೇರಿಯವರೊಡನೆ ಆಡಿದ ಮಾತನ್ನೆಲ್ಲ ಕೂಡಿಸಿದರೂ ಇಪ್ಪತ್ತು ನಿಮಿಷ ಮೀರಲಿಕ್ಕಿಲ್ಲ. ಉಳಿದದ್ದೆಲ್ಲ ನಿಂತದ್ದು, ಕಾದದ್ದು, ಓಡಿದ್ದು. ಮರುದಿನ ಬೆಳಿಗ್ಗೆ ಐದಕ್ಕೆ ಅವನು ಮತ್ತೆ ಹೊಟೇಲಿಗೆ ಹೊರಡಬೇಕು. ವರ್ಷಕ್ಕೆ ಅವನಿಗಿರುವ ವಾರದ ರಜೆಗಳು 52. ತಿಂಗಳಿಗೆ ಎರಡು ಹೀಗೆ ಹೋದರೂ 24 ಹೋದವು. ಗಾಣದ ಎತ್ತಿಗಾದರೂ ಬಿಚ್ಚಿದ ಮೇಲೆ ನೆರಳಿದೆ, ಹುಲ್ಲಿದೆ. ನಮ್ಮವನಿಗೆ ಬಿಚ್ಚಿದ ಮೇಲೂ ಸುತ್ತುವುದೇ.

ಆದಿತ್ಯವಾರ ರಜೆಯಿರುವವರು ಇದಕ್ಕಿಂತ ಸುಖಿಗಳೆಂದು ತಿಳಿಯಬಾರದು. ಅವರಿಗೆ ರಜೆಯಿರುವ ದಿನ ಕಚೇರಿಗಳಿಗೂ ರಜೆ. ಬ್ಯಾಂಕುಗಳು 2015ರ ಸೆಪ್ಟೆಂಬರಿನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರವೂ ಮುಚ್ಚಿರುತ್ತವೆ. ಲೋಕಲ್ ಗಾಡಿಗಳ ಹಳಿ ದುರಸ್ತಿಗೆಂದು ಮೆಗಾ ಬ್ಲಾಕ್ ಇಡುವುದೂ ಆದಿತ್ಯವಾರವೇ. ಹಳಿ ದುರಸ್ತಿಯಾಗಬೇಕು, ಅದು ನಮ್ಮ ಪ್ರಾಣರಕ್ಷಣೆಗಾಗಿಯೇ. ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಪರಿಣಾಮವೇನು? ಕಚೇರಿಗೆ ಹೋಗುವವರ ಆರು ದಿನಗಳಿಗೆ ಅಡ್ಡಿಯಾಗದಂತೆ ನಗರ ತನ್ನ ಎಲ್ಲ ಅಡಚಣೆಗಳನ್ನೂ ಕಾರ್ಮಿಕನ ಏಳನೆಯ ದಿನದ ಮೇಲೆ ತಂದು ಹೇರಿದೆ.

ಈ ದಿನ ಬಂದದ್ದು ಹೇಗೆ?

ಈ ರಜೆ ನಮಗೆ ಯಾರೋ ದಯೆತೋರಿ ಕೊಟ್ಟದ್ದಲ್ಲ ಎಂಬುದನ್ನು ಹೊಸ ತಲೆಮಾರಿನ ಹುಡುಗರು ತಿಳಿದಿರಬೇಕು. ಮುಂಬಯಿಯ ಗಿರಣಿಗಳಲ್ಲಿ ಮೊದಲು ವಾರದ ರಜೆಯೆಂಬುದೇ ಇರಲಿಲ್ಲ. ಸೂರ್ಯ ಹುಟ್ಟುವ ಮೊದಲು ಒಳಗೆ ಹೋದವರು ಮುಳುಗಿದ ಮೇಲೆ ಹೊರಗೆ ಬರುತ್ತಿದ್ದರು. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಕೂಡಿಸಿ, ಸುಮಾರು 5,500 ಮಂದಿಯ ಸಹಿಯೊಡನೆ ಮನವಿಯೊಂದನ್ನು ಸಿದ್ಧಪಡಿಸಿದರು. ವಾರಕ್ಕೊಂದು ಪೂರ್ಣ ರಜೆ, ನಡುಹಗಲಿನಲ್ಲಿ ಅರ್ಧ ಗಂಟೆ ಬಿಡುವು, ಸಂಬಳ ಮುಂದಿನ ತಿಂಗಳ 15ರೊಳಗೆ, ಗಾಯಗೊಂಡವನಿಗೆ ಪರಿಹಾರ ಇವು ಅವರ ಬೇಡಿಕೆಗಳು. ಆರು ವರ್ಷ ಪಟ್ಟು ಬಿಡದೆ ಹೋರಾಡಿದರು. 1890ರ ಏಪ್ರಿಲಿನಲ್ಲಿ ಹತ್ತು ಸಾವಿರ ಕಾರ್ಮಿಕರ ಸಭೆ ಸೇರಿತು. ಆ ಸಭೆಯಲ್ಲಿ ಇಬ್ಬರು ಹೆಂಗಸರೂ ಎದ್ದು ಮಾತನಾಡಿದರು. ಕೊನೆಗೆ 1890ರ ಜೂನ್ 10ರಂದು ಗಿರಣಿ ಮಾಲಿಕರು ಆದಿತ್ಯವಾರದ ರಜೆಗೆ ಒಪ್ಪಿದರು. ಮರುವರ್ಷದ ಫ್ಯಾಕ್ಟರಿ ಕಾಯಿದೆಯಲ್ಲಿ ವಾರದ ರಜೆ ಸೇರಿತು.

ಹೊಟೇಲಿನವರ ಪಾಲಿಗೆ ಅದು ಇನ್ನೂ ತಡವಾಗಿ ಬಂತು. ಅಂಗಡಿ ಮತ್ತು ಹೊಟೇಲುಗಳ ನೌಕರರಿಗಾಗಿ ಮುಂಬಯಿ ಪ್ರಾಂತದಲ್ಲಿ ಮೊದಲ ಕಾಯಿದೆ ಆದದ್ದು 1939ರಲ್ಲಿ, ಅನಂತರದ್ದು 1948ರಲ್ಲಿ. ಕಾಯಿದೆ ಬಂದ ಮೇಲೂ ಅದು ಅಡಿಗೆಮನೆಯ ತನಕ ತಲುಪಲು ಬಹಳ ವರ್ಷ ಹಿಡಿಯಿತು. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬಂದ ಎಳೆಯ ಹುಡುಗರು ಹೊಟೇಲಿನಲ್ಲೇ ದುಡಿದು, ಹೊಟೇಲಿನಲ್ಲೇ ಮಲಗಿ, ಬಿಡುವಿನ ಎರಡು ಗಂಟೆಯಲ್ಲಿ ರಾತ್ರಿ ಶಾಲೆಗೆ ಓಡಿ ನಾಲ್ಕಕ್ಷರ ಕಲಿತರು. ಅಂಥ ಹಿರಿಯರು ಪಡೆದುಕೊಟ್ಟ ಈ ದಿನವನ್ನು ಇಂದು ಸಾಲುಗಳೂ ಕಿಟಕಿಗಳೂ ಗಾಡಿಗಳೂ ಹಂಚಿಕೊಂಡು ತಿನ್ನುತ್ತಿವೆ. ಮಾಲಿಕರು ಕಸಿದುಕೊಂಡಿದ್ದರೆ ನಾವು ಬಾವುಟ ಹಿಡಿದು ಹೊರಡುತ್ತಿದ್ದೆವು. ಯಾರೊಬ್ಬರೂ ಕಸಿಯುತ್ತಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಚಿವುಟುತ್ತಿದ್ದಾರೆ. ಅದಕ್ಕೇ ನಾವು ಸುಮ್ಮನಿದ್ದೇವೆ.

ಹೆಸರಿನ ತಂಟೆ

ಇಷ್ಟೊಂದು ಅಲೆದಾಟ ಏಕೆ ಎಂದು ವಿಚಾರಿಸಿದರೆ ಕನ್ನಡಿಗರಿಗೆಂದೇ ಇರುವ ಒಂದು ವಿಶೇಷ ತಾಪತ್ರಯ ಕಂಡುಬರುತ್ತದೆ. ಅದು ಹೆಸರಿನದು. ನಮ್ಮ ಊರಿನ ಶಾಲೆಯಲ್ಲಿ ಹೆಸರಿನ ಹಿಂದೆ ಊರಿನದೋ ತಂದೆಯದೋ ಒಂದು ಅಕ್ಷರವಿಟ್ಟು ಮುಗಿಸುತ್ತಾರೆ. ಮುಂಬಯಿಗೆ ಬಂದರೆ ಇಲ್ಲಿನ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಬೇಕು. ಹೊಟೇಲಿನ ಹಾಜರಿ ಪುಸ್ತಕದಲ್ಲಿ ಮೆನೇಜರರು ತಾವು ಕರೆಯುವ ಹೆಸರನ್ನೇ ಬರೆದರು. ಭವಿಷ್ಯನಿಧಿಗೂ ಅದೇ ಹೋಯಿತು. ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ, ಪಡಿತರ ಚೀಟಿಯಲ್ಲಿ ಮತ್ತೊಂದು ಬಗೆ. ಒಬ್ಬನೇ ಮನುಷ್ಯ ನಾಲ್ಕು ಕಾಗದಗಳಲ್ಲಿ ನಾಲ್ವರಾಗಿದ್ದಾನೆ. ದುಡಿಯುವಷ್ಟು ಕಾಲ ಇದು ಗಮನಕ್ಕೆ ಬರುವುದಿಲ್ಲ. ಹಣ ತೆಗೆಯುವ ಕಾಲಕ್ಕೆ, ಇಲ್ಲವೆ ಅವನು ತೀರಿಕೊಂಡ ಮೇಲೆ ಹೆಂಡತಿ ಮಕ್ಕಳು ಕೇಳಲು ಹೋದಾಗ, ನಾಲ್ವರೂ ಎದ್ದು ನಿಂತು ಜಗಳವಾಡುತ್ತಾರೆ.

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರ ಪಾಡಂತೂ ಹೇಳತೀರದು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಅವರಲ್ಲಿ ಅನೇಕರು ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಿಗಳ ಚಿಮಣಿ ಇದ್ದಲ್ಲಿ ಈಗ ಗಾಜಿನ ಮಹಲುಗಳು. ಗಿರಣಿಯ ಭೂಮಿಯಲ್ಲಿ ಕಾರ್ಮಿಕರಿಗೂ ಮನೆ ಸಿಗಬೇಕೆಂದು ನಿಯಮವಾಯಿತು. ಮ್ಹಾಡಾದ ಮೂಲಕ ಚೀಟಿ ಎತ್ತಿದರು. ಅರ್ಹರು ಯಾರೆಂದು ನೋಡಲು 2023ರಲ್ಲಿ ಸುಮಾರು ಒಂದೂವರೆ ಲಕ್ಷ ಅರ್ಜಿದಾರರ ಕಾಗದಪತ್ರಗಳ ತಪಾಸಣೆಗೆ ಕೈಹಾಕಿದರು. ಗಿರಣಿಯ ಗುರುತುಚೀಟಿ, ಟಿಕೇಟು ನಂಬರು, ಸೇವೆಯ ದಾಖಲೆ, ಭವಿಷ್ಯನಿಧಿಯ ನಂಬರು ಎಂದರೆ ನಲವತ್ತು ವರ್ಷಗಳ ಹಿಂದಿನ ಕಾಗದವನ್ನು ಎಲ್ಲಿಂದ ತರಬೇಕು? ಗಿರಣಿಯೇ ಇಲ್ಲ. ಬದಲಿಯಾಗಿ ದುಡಿದವನಿಗೆ ಅಂದೇ ಕಾಗದ ಸಿಕ್ಕಿರಲಿಲ್ಲ. ಚಾಳು ಒಡೆದಾಗ ಟ್ರಂಕಿನೊಡನೆ ಕಾಗದವೂ ಹೋಯಿತು. ಎಪ್ಪತ್ತು ದಾಟಿದ ಮುದುಕರು ಊರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಬಗಲಲ್ಲಿ ಪ್ಲಾಸ್ಟಿಕ್ ಚೀಲವಿಟ್ಟುಕೊಂಡು ಸಾಲಿನಲ್ಲಿ ನಿಂತಿರುವುದನ್ನು ಕಂಡವರಿಗೆ ಕಾಗದದ ತೂಕವೆಷ್ಟೆಂದು ಗೊತ್ತು.

ಎಲ್ಲವೂ ಫೋನಿನಲ್ಲಿದೆಯಂತೆ!

"ಈಗೇಕೆ ಈ ಗೋಳು? ಎಲ್ಲವೂ ಫೋನಿನಲ್ಲೇ ಆಗುತ್ತದಲ್ಲ" ಎಂದು ಬುದ್ಧಿವಂತರು ಹೇಳುತ್ತಾರೆ. ಇದು ಅರ್ಧ ಸತ್ಯ. ಆ ಅರ್ಧವನ್ನು ನಾವು ಅಲ್ಲಗಳೆಯುವುದಿಲ್ಲ. ಅದನ್ನು ಚೆನ್ನಾಗಿ ಉಪಯೋಗಿಸಿಕೊಳ್ಳಬೇಕೆಂದೇ ಹೇಳುತ್ತೇವೆ. ಭವಿಷ್ಯನಿಧಿಯ ಪಿಂಚಣಿ ಪಡೆಯುವ ಹಿರಿಯರು ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡಲು ನವೆಂಬರ್ ತಿಂಗಳಲ್ಲೇ ಬ್ಯಾಂಕಿನ ಮುಂದೆ ನಿಲ್ಲಬೇಕಾಗಿಲ್ಲ. ವರ್ಷದ ಯಾವ ತಿಂಗಳಲ್ಲಿ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಮುಖ ತೋರಿಸಿ ಫೋನಿನಲ್ಲೇ ಕೊಡಬಹುದು. ಅಂಚೆಯವರು ಮನೆಗೇ ಬಂದು ಮಾಡಿಕೊಡುತ್ತಾರೆ. 2025ರ ಜನವರಿಯಿಂದ ಈ ಪಿಂಚಣಿಯನ್ನು ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಡೆಯುವ ಅನುಕೂಲವಾಗಿದೆ. ಊರಿಗೆ ಹೋಗಿ ನೆಲೆಸಿದವರು ಇದಕ್ಕಾಗಿ ಮುಂಬಯಿಗೆ ಓಡಿಬರುವ ಅಗತ್ಯವಿಲ್ಲ. ಊರಿನ ಪಡಿತರ ಚೀಟಿಯವರು ತಮ್ಮ ಪಾಲಿನ ಧಾನ್ಯವನ್ನು ಇಲ್ಲಿಯ ಅಂಗಡಿಯಲ್ಲಿ ಪಡೆದು, ಉಳಿದದ್ದನ್ನು ಮನೆಯವರು ಊರಿನಲ್ಲೇ ಪಡೆಯುವ ವ್ಯವಸ್ಥೆಯೂ ಇದೆ. ಭವಿಷ್ಯನಿಧಿಯ ಖಾತೆ ನಂಬರು 2017ರ ಅಕ್ಟೋಬರ್ 1ರ ಅನಂತರದ್ದಾಗಿ, ಆಧಾರಿಗೆ ಜೋಡಿಸಿದ್ದಾದರೆ, ಹೆಸರು, ಹುಟ್ಟಿದ ತಾರೀಕು ಮುಂತಾದ ತಪ್ಪುಗಳನ್ನು ಮಾಲಿಕರ ಸಹಿಯಿಲ್ಲದೆ ತಾನೇ ತಿದ್ದಿಕೊಳ್ಳಬಹುದು.

ಇನ್ನು ಉಳಿದ ಅರ್ಧ. ಹಳೆಯ ಖಾತೆಯವನಿಗೆ ಮಾಲಿಕರ ಒಪ್ಪಿಗೆ ಬೇಕೇ ಬೇಕು. ಫೋನಿಗೆ ಬರುವ ಗುಪ್ತ ಸಂಖ್ಯೆ, ಹತ್ತು ವರ್ಷಗಳ ಹಿಂದೆ ಕಳೆದುಹೋದ ನಂಬರಿಗೆ ಹೋಗುತ್ತದೆ. ಬೆರಳೊತ್ತಲು ಹೋದರೆ ಯಂತ್ರ ಗುರುತು ಹಿಡಿಯುವುದಿಲ್ಲ. ಹೇಗೆ ಹಿಡಿದೀತು? ಇಪ್ಪತ್ತು ವರ್ಷ ಸೋಡಾ ನೀರಿನಲ್ಲಿ ಪಾತ್ರೆ ತೊಳೆದ ಬೆರಳು, ದೋಸೆ ಕಾವಲಿಯ ಮುಂದೆ ಬೆಂದ ಬೆರಳು, ಮಗ್ಗದ ಎಳೆಯಲ್ಲಿ ಸವೆದ ಬೆರಳು! ದುಡಿದೇ ಸವೆದ ಬೆರಳಿನವನಿಗೆ, ದುಡಿದ ಹಣವನ್ನು ಕೇಳಲು ಹೋದಾಗ, "ನೀನು ನೀನಲ್ಲ" ಎನ್ನುವ ಯಂತ್ರವನ್ನು ನಾವು ಪ್ರಗತಿಯೆಂದು ಒಪ್ಪುವುದಾದರೆ, ಅದರ ಪಕ್ಕದಲ್ಲಿ ಕಣ್ಣು ತೆರೆದು ನೋಡುವ ಮನುಷ್ಯನೊಬ್ಬನೂ ಇರಬೇಕು. ಅಂಥವನಿಲ್ಲದಲ್ಲಿ ದಲ್ಲಾಳಿ ಬಂದು ನಿಲ್ಲುತ್ತಾನೆ. ಪುಕ್ಕಟೆ ಆಗಬೇಕಾದ ಕೆಲಸಕ್ಕೆ ಐನೂರು, ಸಾವಿರ ಕೀಳುತ್ತಾನೆ. ಒಂದು ರಜೆ ಉಳಿಯಿತಲ್ಲ ಎಂದು ನಮ್ಮವರು ಕೊಟ್ಟುಬಿಡುತ್ತಾರೆ. ತನ್ನ ರಜೆಯನ್ನು ತಾನೇ ದುಡ್ಡು ಕೊಟ್ಟು ಕೊಳ್ಳುವ ಸ್ಥಿತಿ ಬಂದಿದೆ.

ಸರಕಾರದಲ್ಲಿ ಒಳ್ಳೆಯ ಕಾಯಿದೆಗಳಿಲ್ಲವೆಂದಲ್ಲ. ಮಹಾರಾಷ್ಟ್ರದಲ್ಲಿ 2015ರಿಂದ ಸೇವಾ ಹಕ್ಕಿನ ಕಾಯಿದೆಯಿದೆ. ಪ್ರಕಟಿಸಿದ ಪ್ರತಿಯೊಂದು ಸೇವೆಯನ್ನೂ ಗೊತ್ತಾದ ದಿನಗಳೊಳಗೆ ಕೊಡಬೇಕು; ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ 500ರಿಂದ 5,000 ರೂಪಾಯಿಯ ತನಕ ದಂಡ ಹಾಕಬಹುದು. ಕರ್ನಾಟಕದಲ್ಲಿಯೂ 'ಸಕಾಲ'ವೆಂಬ ಇಂಥದೇ ಕಾಯಿದೆ 2011ರಲ್ಲಿ ಆಯಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕಿಟಕಿಯಲ್ಲಿ "ನಾಳೆ ಬನ್ನಿ" ಎಂಬ ಎರಡು ಶಬ್ದಗಳಿಗೆ ಯಾವ ರಸೀದಿಯೂ ಇಲ್ಲ. ಕಚೇರಿಯವರಿಗೆ ಅದು ನಾಳೆ. ಕಾರ್ಮಿಕನಿಗೆ ಅದು ಮುಂದಿನ ವಾರ, ಇಲ್ಲವೆ ಒಂದು ದಿನದ ಪಗಾರ. ಈ ವ್ಯತ್ಯಾಸ ಕಿಟಕಿಯ ಒಳಗಿರುವವರಿಗೆ ತಿಳಿಯುವುದಿಲ್ಲ. ಅವರೂ ಸಂಬಳದ ಜನ, ಅವರಿಗೂ ಸಂಜೆಯ ಗಾಡಿಯಿದೆ. ಅವರ ಮೇಲೆ ನಮಗೆ ದ್ವೇಷವಿಲ್ಲ. ಎರಡು ಕಿಟಕಿ ತೆರೆಯಬೇಕಾದಲ್ಲಿ ಒಂದನ್ನೇ ತೆರೆದಿಟ್ಟಿರುವ ವ್ಯವಸ್ಥೆಯ ಮೇಲೆ ನಮ್ಮ ಆಕ್ಷೇಪ.

ಮನೆಯಾಕೆಯ ರಜೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಗಂಡಸಿನ ರಜೆ ಹಾಳಾಯಿತೆಂದು ನಾವು ಬರೆಯುತ್ತಿದ್ದೇವೆ. ಮನೆಯಾಕೆಗೆ ರಜೆಯೆಂಬುದು ಎಲ್ಲಿದೆ? ಗ್ಯಾಸಿನ ಸಾಲು, ಪಡಿತರದ ಸಾಲು, ಮಗುವಿನ ಲಸಿಕೆ, ಶಾಲೆಯ ಸಭೆ ಇವು ವಾರದ ಏಳು ದಿನವೂ ಅವಳ ಪಾಲಿಗಿವೆ. ಎಷ್ಟೋ ಮಂದಿ ನಾಲ್ಕು ಮನೆಗಳ ಕೆಲಸವನ್ನೂ ಮಾಡಿ ಬರುತ್ತಾರೆ. ಗಂಡನ ರಜೆಯ ದಿನ ಅವಳಿಗೆ ಕೆಲಸ ಹೆಚ್ಚೇ ಹೊರತು ಕಡಿಮೆಯಲ್ಲ. 1890ರ ಸಭೆಯಲ್ಲಿ ಎದ್ದು ಮಾತನಾಡಿದ ಆ ಇಬ್ಬರು ಹೆಂಗಸರ ನೆನಪು ನಮಗಿದ್ದರೆ, ವಿಶ್ರಾಂತಿಯ ದಿನ ಕೇಳುವಾಗ ಅದನ್ನು ಇಬ್ಬರಿಗೂ ಕೇಳಬೇಕು. ಮನೆಯೊಳಗೆ ಕೊಡುವಾಗಲೂ ಇಬ್ಬರಿಗೂ ಕೊಡಬೇಕು.

ಆಗಬೇಕಾದದ್ದೇನು?

ಬರಿಯ ಗೋಳಾಟದಿಂದ ಪ್ರಯೋಜನವಿಲ್ಲ. ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ವಾರದ ರಜೆ ವಿಶ್ರಾಂತಿಗಾಗಿ. ಕಾಗದಪತ್ರದ ಕೆಲಸಕ್ಕೆ ಬೇರೆ ಹೊತ್ತು ಬೇಕು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ವಾರಕ್ಕೊಂದು ಪೂರ್ಣ ರಜೆಯಲ್ಲದೆ, ವರ್ಷಕ್ಕೆ 8 ದಿನಗಳ ಸಾಂದರ್ಭಿಕ ರಜೆಯನ್ನೂ, 8 ಹಬ್ಬದ ರಜೆಗಳನ್ನೂ, 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೊಂದರಂತೆ ಸಂಬಳಸಹಿತ ರಜೆಯನ್ನೂ ಬರೆದಿಟ್ಟಿತು. ಸಾಂದರ್ಭಿಕ ರಜೆ ಮೂರು ತಿಂಗಳಿಗೊಮ್ಮೆ ಖಾತೆಗೆ ಸೇರುತ್ತದೆ. ವರ್ಷದ ಕೊನೆಗೆ ಉಪಯೋಗಿಸದಿದ್ದರೆ ಸತ್ತುಹೋಗುತ್ತದೆ. ಅಂದರೆ ಮೂರು ತಿಂಗಳಿಗೆ ಎರಡು ದಿನ. ಬ್ಯಾಂಕು, ಆಸ್ಪತ್ರೆ, ಭವಿಷ್ಯನಿಧಿಯ ಕೆಲಸಗಳಿಗೆ ಆ ದಿನಗಳನ್ನು ಕೇಳಿ ಪಡೆಯಿರಿ. ಕಾಯಿದೆ ಬರೆದದ್ದು 10 ಅಥವಾ ಹೆಚ್ಚು ನೌಕರರಿರುವಲ್ಲಿಗೆ ಅನ್ವಯಿಸುವಂತೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಳವು ಈ ಸಂಖ್ಯೆಯನ್ನು 20ಕ್ಕೂ, ದಿನದ ದುಡಿಮೆಯನ್ನು 9 ಗಂಟೆಯಿಂದ 10ಕ್ಕೂ ಏರಿಸುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಇದರ ಅರ್ಥವನ್ನು ಚಿಕ್ಕ ಹೊಟೇಲುಗಳಲ್ಲಿ ದುಡಿಯುವವರು ಚೆನ್ನಾಗಿ ತಿಳಿದುಕೊಳ್ಳಬೇಕು. ಹದಿನೈದು ಜನರಿರುವ ಹೊಟೇಲಿನಲ್ಲಿ ರಜೆಯೆಂಬುದು ಹಕ್ಕಾಗಿ ಉಳಿಯದೆ ಧಣಿಗಳ ಮರ್ಜಿಯಾಗುವ ದಾರಿ ಅದು. ದಿನಕ್ಕೆ ಒಂದು ಗಂಟೆ ಹೆಚ್ಚಾದರೆ, ಕಚೇರಿಯ ಕೆಲಸಕ್ಕೆ ಉಳಿದಿದ್ದ ಆ ಒಂದು ಗಂಟೆಯೂ ಹೋಯಿತು.

ಎರಡನೆಯದಾಗಿ, ಮಾಲಿಕರಿಗೆ ಒಂದು ವಿನಂತಿ. ಭವಿಷ್ಯನಿಧಿಯ, ಇಎಸ್‌ಐಯ ಕಾಗದ ಸರಿಯಿರುವುದು ನೌಕರನ ಕೆಲಸವಷ್ಟೇ ಅಲ್ಲ, ತಮ್ಮ ಹೊಣೆಯೂ ಹೌದು. ಅದಕ್ಕಾಗಿ ಹೋದವನ ಅರ್ಧ ದಿನವನ್ನು ಹಾಜರಿಯೆಂದೇ ಬರೆಯಿರಿ. ಒಪ್ಪಿಗೆಯ ಸಹಿಗಾಗಿ ಅವನನ್ನು ಮೂರು ವಾರ ಅಲೆದಾಡಿಸಬೇಡಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೌಕರನಿಗೆ ನೇಮಕಾತಿ ಪತ್ರ ಕೊಡಬೇಕು; ಆ ಪತ್ರದಲ್ಲಿ ಆಧಾರಿನಲ್ಲಿರುವ ಹೆಸರನ್ನೇ ಅಕ್ಷರ ತಪ್ಪದೆ ಬರೆಯಿರಿ. ಮುಂದಿನ ಅರ್ಧ ತಾಪತ್ರಯ ಅಲ್ಲಿಯೇ ತಪ್ಪುತ್ತದೆ. ಇಂದು ಗಲ್ಲೆಯಲ್ಲಿ ಕುಳಿತಿರುವ ಎಷ್ಟೋ ಮಂದಿ ಮಾಲಿಕರು ಹಿಂದೊಮ್ಮೆ ಮೇಜು ಒರೆಸಿದವರೇ. ಅವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೂರನೆಯದಾಗಿ, ದುಡಿಯುವ ಜನರೊಡನೆ ಸಂಬಂಧವಿರುವ ಕಚೇರಿಗಳು ತಿಂಗಳಲ್ಲಿ ಒಂದು ಆದಿತ್ಯವಾರ, ವಾರದಲ್ಲಿ ಒಂದು ಸಂಜೆ ಎಂಟರ ತನಕ ತೆರೆದಿರಬೇಕೆಂದು ಎಲ್ಲ ಕಾರ್ಮಿಕ ಸಂಘಗಳೂ ಕೂಡಿ ಕೇಳಬೇಕು. ಯಾವ ಕೆಲಸಕ್ಕೆ ಯಾವ ಕಾಗದ ಬೇಕೆಂಬುದನ್ನು ಬಾಗಿಲಲ್ಲೇ ದೊಡ್ಡ ಅಕ್ಷರಗಳಲ್ಲಿ ಬರೆದು ತೂಗುಹಾಕಬೇಕು. ಇದಕ್ಕೆ ಹೊಸ ಕಾಯಿದೆಯೂ ಬೇಡ, ಹೆಚ್ಚಿನ ಖರ್ಚೂ ಬೇಡ.

ನಾಲ್ಕನೆಯದು ನಮ್ಮ ಸಂಘದ ಕೆಲಸ. ವಾರ್ಷಿಕೋತ್ಸವ, ನಾಟಕ, ಸನ್ಮಾನ ಬೇಡವೆಂದು ನಾವು ಹೇಳುವುದಿಲ್ಲ. ಅವು ನಮ್ಮ ಬದುಕಿನ ಬೆಳಕು. ಆದರೆ ವಾರಕ್ಕೊಂದು ಸಂಜೆ ಸಂಘದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಫೋನು ಬಲ್ಲ ಇಬ್ಬರು ತರುಣರು ಕುಳಿತರೆ, ಎಷ್ಟು ಮಂದಿಯ ಎಷ್ಟು ರಜೆಗಳು ಉಳಿದಾವು! ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳು ಇದಕ್ಕೆ ಮುಂದೆ ಬರಲಿ. ಅಪ್ಪ ಸಾಲಿನಲ್ಲಿ ನಿಂತು ಗಳಿಸಿದ ದಾಖಲೆಯಿಂದ ಅಲ್ಲವೇ ಅವರಿಗೆ ಶುಲ್ಕದ ರಿಯಾಯಿತಿ ಸಿಕ್ಕಿದ್ದು? ಗಿರಣಿಯ ಹಿರಿಯರ ಹಳೆಯ ಕಾಗದಗಳನ್ನು ಒಮ್ಮೆ ನೋಡಿ, ಪ್ರತಿ ತೆಗೆದು ಕಾದಿಡುವ ಕೆಲಸವನ್ನೂ ಇದೇ ಮೇಜಿನಲ್ಲಿ ಮಾಡಬಹುದು.

ಕೊನೆಯದಾಗಿ, ನಾವೇ ಮಾಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಎಲ್ಲ ಕಾಗದಗಳನ್ನೂ ಒಂದೇ ಚೀಲದಲ್ಲಿ, ಪ್ರತಿಯೊಂದರ ಎರಡು ಝೆರಾಕ್ಸಿನೊಡನೆ ಇಟ್ಟುಕೊಳ್ಳಿರಿ. ಕೆಲಸದಲ್ಲಿರುವಾಗಲೇ ಹೆಸರು, ಹುಟ್ಟಿದ ತಾರೀಕು, ವಾರಸುದಾರರ ಹೆಸರು ಸರಿಯಿದೆಯೇ ಎಂದು ನೋಡಿರಿ. ಬಿಟ್ಟಮೇಲೆ ನೋಡಿದರೆ ಹತ್ತು ಪಟ್ಟು ಅಲೆದಾಟ. ಅರ್ಜಿ ಕೊಟ್ಟಲ್ಲೆಲ್ಲ ರಸೀದಿ ಕೇಳಿರಿ. ರಸೀದಿಯಿಲ್ಲದ ಅರ್ಜಿ ನೀರಿನ ಮೇಲೆ ಬರೆದ ಅಕ್ಷರ. ಒಂದು ದಿನಕ್ಕೆ ಐದು ಕೆಲಸ ಹಚ್ಚಿಕೊಳ್ಳಬೇಡಿರಿ. ಒಂದೇ ದಿಕ್ಕಿನ ಎರಡು ಸಾಕು. ಆದಿತ್ಯವಾರ ಹೊರಡುವ ಮುನ್ನ ಬ್ಲಾಕ್ ಯಾವ ಮಾರ್ಗದಲ್ಲಿದೆಯೆಂದು ನೋಡಿಕೊಳ್ಳಿರಿ. 2014ರಲ್ಲಿ ಘಾಟಕೋಪರ್–ವರ್ಸೋವಾ ಮೆಟ್ರೋ ಬಂತು. 2025ರಲ್ಲಿ ಆರೆಯಿಂದ ಕಫ್ ಪರೇಡಿನ ತನಕ ನೆಲದಡಿಯ ಮಾರ್ಗ ಪೂರ್ಣವಾಯಿತು. ನಾಲ್ಕು ಕಾಸು ಹೆಚ್ಚಾದರೂ ಮನೆಯಲ್ಲಿ ರೋಗಿ ಜೊತೆಗಿದ್ದ ದಿನ ಅದು ದುಬಾರಿಯಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಹೊತ್ತು ಮೀರಿತೆಂದು ಚಲಿಸುವ ಗಾಡಿಗೆ ಹಾರಬೇಡಿರಿ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಆಗ ಎಲ್ಫಿನ್‌ಸ್ಟನ್ ರೋಡ್ ಎಂದಿದ್ದ ಇಂದಿನ ಪ್ರಭಾದೇವಿ ಸ್ಟೇಶನಿನ ಕಿರಿದಾದ ಸೇತುವೆಯ ಮೇಲೆ ನೂಕುನುಗ್ಗಲಿನಲ್ಲಿ 23 ಮಂದಿ ಪ್ರಾಣ ಬಿಟ್ಟರು. ಅವರೂ ನಮ್ಮ ಹಾಗೆಯೇ ಹೊತ್ತಿಗೆ ಸರಿಯಾಗಿ ಎಲ್ಲಿಗೋ ಹೋಗಬೇಕಾಗಿದ್ದವರು. ಕೈತಪ್ಪಿದ ಗಾಡಿಯ ಹಿಂದೆ ಇನ್ನೊಂದು ಗಾಡಿಯಿದೆ; ಮುಚ್ಚಿದ ಕಿಟಕಿ ನಾಳೆಯಾದರೂ ತೆರೆಯುತ್ತದೆ. ಮನೆಯಲ್ಲಿ ಕಾಯುತ್ತಿರುವವರಿಗೆ ನಿಮ್ಮ ಬದಲಿ ಇನ್ನೊಬ್ಬರಿಲ್ಲ.

ರಜೆ ಎಂದರೆ ಏನು? ಹೊತ್ತೇರುವ ತನಕ ಮಲಗುವುದು, ಹೆಂಡತಿ ಮಕ್ಕಳೊಡನೆ ಒಟ್ಟಿಗೆ ಕುಳಿತು ಗಂಜಿಯೂಟ ಮಾಡುವುದು, ಊರಿನ ತಾಯಿಗೆ ಫೋನು ಮಾಡಿ ಮಳೆ ಬಂತೇ ಎಂದು ಕೇಳುವುದು, ಸಂಜೆ ಚೌಪಾಟಿಯಲ್ಲಿ ಸುಮ್ಮನೆ ಕುಳಿತುಕೊಳ್ಳುವುದು, ಇಲ್ಲವೆ ಸಂಘದ ಕೋಣೆಗೆ ಬಂದು ಕನ್ನಡದ ಪತ್ರಿಕೆ ತಿರುವುವುದು. ಆರು ದಿನ ಇತರರ ತಟ್ಟೆ ತುಂಬಿದವನು ಒಂದು ದಿನ ತನ್ನ ತಟ್ಟೆಯ ಮುಂದೆ ನಿಧಾನವಾಗಿ ಕುಳಿತುಕೊಂಡರೆ ಅದು ಸೋಮಾರಿತನವಲ್ಲ. ಅದಕ್ಕಾಗಿಯೇ ನಮ್ಮ ಹಿರಿಯರು ಆರು ವರ್ಷ ಹೋರಾಡಿದ್ದು. ಪಡೆದವರು ಅವರು; ಉಳಿಸಿಕೊಳ್ಳಬೇಕಾದವರು ನಾವು. ಒಬ್ಬೊಬ್ಬರಾಗಿ ಸಾಲಿನಲ್ಲಿ ನಿಂತಷ್ಟು ದಿನ ಇದು ಆಗುವಂತಿಲ್ಲ. ಕೂಡಿ ನಿಂತು ಕೇಳಿದರೆ ಆಗದ್ದೇನಲ್ಲ.